ಯಳ್ಳಮಾಸಿಯ ನೀರು

ಈ ಸಲ ಮಹಾನವಮಿ ಹತ್ತಿರ ಬಂದಾಗ ನಮ್ಮ ಓಣಿಯ ಕಡೆಯ ಮನೆಯವರು ದನದ ಕೊಟ್ಟಿಗೆಗೆ ಬಳಿಯಲೆಂದು ಸುಣ್ಣ ಕುದಿಸಿದರು. ಸುರಪುರದಲ್ಲಿ ಈಗ ಸುಣ್ಣ ಬಳಿಯುವವರು ಕಡಿಮೆ, ಎಲ್ಲರ ಮನೆಗೂ ಅಂಗಡಿಯ ಬಣ್ಣವೇ. ಹಾಗಾಗಿ ಬಹಳ ವರ್ಷಗಳ ಮೇಲೆ ಆ ವಾಸನೆ ಬಂತು. ಕಾದ ಬಂಡೆಯ ಮೇಲೆ ನೀರು ಚೆಲ್ಲಿದಂಥ, ಗಂಟಲಿಗೆ ಒತ್ತುವ ವಾಸನೆ. ಆಫೀಸಿಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದ ನನ್ನ ಎಡಗಣ್ಣು ತಾನಾಗಿ ನೀರಾಡಿತು. ಚಪ್ಪಲಿ ಅಲ್ಲೇ ಬಿಟ್ಟು ಒಳಗೆ ಹೋಗಿ ಒಂದು ಕೊಡ ನೀರು ತಂದು ಅವರ ಸುಣ್ಣದ ಡಬ್ಬಿಯ ಪಕ್ಕದಲ್ಲಿಟ್ಟೆ.

ಆ ಮನೆಯ ಸೊಸೆ ಕೋಲಿನಿಂದ ತಿರುವುತ್ತಿದ್ದವಳು ನಕ್ಕಳು. "ಡಬ್ಬಿಗಿ ನೀರ ಹಾಕೂದು ಆಗ್ಯಾದ್ರಿ ಅಕ್ಕಾರ."

"ಡಬ್ಬಿಗಲ್ಲವಾ, ಕಣ್ಣಿಗಿ ಇರ್ಲಿ" ಅಂದೆ. "ಹಾರಿದ್ರ ಯಾರ ಮಾತೂ ಕೇಳಬ್ಯಾಡ. ಇಡೀ ಕೊಡ ಕಣ್ಣಾಗ ಸುರಕೋ."

ಅವಳಿಗೆ ಅರ್ಥವಾಗಲಿಲ್ಲ. ನನಗೆ ಆಫೀಸಿಗೆ ತಡವಾಗಿತ್ತು. ದಾರಿಯುದ್ದಕ್ಕೂ ನಾರಾಯಣಪುರದ ಆ ವರ್ಷವೇ ಕಣ್ಣ ಮುಂದೆ.

ಆಗ ನಾನು ನಾರಾಯಣಪುರದ ಕ್ವಾರ್ಟರ್ಸಿನಲ್ಲಿದ್ದೆ. ನನ್ನವರು ನೀರಾವರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಅವರು ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಕೆಲಸ ನನಗೆ ಬಂತು. ಅವರು ಕೂರುತ್ತಿದ್ದ ಕುರ್ಚಿಯೂ ಬಂತು, ಒಂದು ಕೈ ಮುರಿದದ್ದು. ಮಕ್ಕಳಿರಲಿಲ್ಲ. ಬೆಳಿಗ್ಗೆ ಎರಡು ರೊಟ್ಟಿ ಬಡಿದು ಒಂದು ತಿಂದು, ಒಂದು ಕಟ್ಟಿಕೊಂಡು ಹೋಗುವುದು. ಸಂಜೆ ಬಂದು ಅಂಗಳ ಕಸ ಹೊಡೆದು, ಅಣೆಕಟ್ಟಿನ ಗೇಟು ಎತ್ತಿದ ದಿನವಾದರೆ ನೀರಿನ ಭೋರ್ಗರೆತ ಕೇಳುತ್ತ ಕೂರುವುದು, ಇಲ್ಲದ ದಿನ ಸುಮ್ಮನೆ ಕೂರುವುದು.

ನಮ್ಮ ಹಿತ್ತಲಿಗೆ ಹೊಂದಿ ಹಿಂದಿನ ಸಾಲಿನ ಮನೆ. ಅದರಲ್ಲಿ ನಾಗಮ್ಮ ಅಂತ, ಅಂಬಿಗರ ಹೆಂಗಸು. ಅವಳ ಮಗ ಮಲ್ಲಪ್ಪ ಕಾಲುವೆಯ ಗೇಟಿನಲ್ಲಿ ದಿನಗೂಲಿ, ನಸುಕಿನಲ್ಲಿ ಜಲಾಶಯಕ್ಕೆ ಬಲೆ ಹಾಕುತ್ತಿದ್ದ. ಸೊಸೆ ದೇವಮ್ಮ. ಆ ವರ್ಷ ಶ್ರಾವಣದಲ್ಲಿ ದೇವಮ್ಮ ಹೆಣ್ಣು ಹಡೆದಳು. ತವರಿನಲ್ಲಿ ಅವಳಿಗೆ ತಾಯಿ ಇರಲಿಲ್ಲ, ಅಣ್ಣನೊಬ್ಬನೇ. ಅದಕ್ಕೆ ಬಾಣಂತನ ಗಂಡನ ಮನೆಯಲ್ಲೇ ಆಯಿತು. ಹೆರಿಗೆ ಹುಣಸಗಿಯ ಆಸ್ಪತ್ರೆಯಲ್ಲಾದರೂ ಕೂಸಿನ ಹಿಂದೆ ಬೀಳುವ ಮಾಸನ್ನು ಮಲ್ಲಪ್ಪ ಗಡಿಗೆಯಲ್ಲಿಟ್ಟು ಬಟ್ಟೆ ಕಟ್ಟಿ ಮನೆಗೆ ತಂದ. ನಾಗಮ್ಮ ಅದನ್ನು ಬಚ್ಚಲುಕಲ್ಲಿನ ಪಕ್ಕದಲ್ಲಿ ಹೂತು ಮೇಲೊಂದು ಚಪ್ಪಡಿ ಹೇರಿದಳು. ನಾಯಿ ಕೆದರಬಾರದು, ಬೆಕ್ಕು ಮೂಸಬಾರದು. ದಿನಾ ಬಾಣಂತಿಗೆ ಸುಡುಸುಡು ನೀರು ಹಾಕುವಾಗ ಆ ನೀರು ಹರಿದು ಮಾಸು ಹೂತಲ್ಲಿ ಇಂಗಬೇಕು. ಹಾಗೆ ಇಂಗಿದರೆ ಎದೆಹಾಲು ಬತ್ತುವುದಿಲ್ಲ ಅಂತ ನಾಗಮ್ಮ ಹೇಳುತ್ತಿದ್ದಳು. ಬಾಣಂತಿ ತಾನೇ ನೀರು ಹಾಕಿಕೊಳ್ಳುವಂತಿಲ್ಲ, ಇನ್ನೊಂದು ಹೆಂಗಸಿನ ಕೈಯೇ ಬೇಕು. ನಾನು ಒಲೆಗೆ ಕಟ್ಟಿಗೆ ಒಟ್ಟುತ್ತಿದ್ದೆ, ಹಂಡೆಯ ನೀರು ಕಾದಿತೆಂದು ಕೂಗುತ್ತಿದ್ದೆ. ತಂಬಿಗೆ ಮುಟ್ಟುತ್ತಿರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ನನಗೇ ಗೊತ್ತಿತ್ತು. ತೊಟ್ಟಿಲಿಗೆ ಹಾಕಿದ ದಿನವೂ ನಾನು ಅಡುಗೆಮನೆಯಲ್ಲಿ ಶೇಂಗಾ ಹೋಳಿಗೆ ಲಟ್ಟಿಸುತ್ತ ಇದ್ದುಬಿಟ್ಟೆ. ಹೊರಗೆ ಹಾಡು ಮುಗಿದ ಮೇಲೆ ಕೈ ತೊಳೆದುಕೊಂಡು ಬಂದೆ.

ಆದರೆ ಸಂಜೆಯ ಹೊತ್ತು ಆ ಕೂಸು ನನ್ನದು. ನಾನು ಆಫೀಸಿನಿಂದ ಬಂದು ಬಾಗಿಲ ಚಿಲಕ ತೆಗೆದ ಸಪ್ಪಳಕ್ಕೆ ದೇವಮ್ಮ ಹಿತ್ತಲ ಗೋಡೆಯ ಮೇಲಿಂದ ಅದನ್ನು ದಾಟಿಸುತ್ತಿದ್ದಳು. "ತಗೋರಿ ಅಕ್ಕಾ, ನಿಮ್ಮ ಸಾಹೇಬ್ರು ಬಂದಾರ, ಹಾಜರಿ ಹಾಕ್ರಿ" ಅನ್ನುತ್ತಿದ್ದಳು. ಅವಳು ರೊಟ್ಟಿ ಮುಗಿಸುವವರೆಗೆ ಕೂಸು ನನ್ನ ಹೆಗಲ ಮೇಲೆ. ಸೀರೆಗೆ ಹಾಲಿನ ವಾಸನೆ ಹತ್ತುತ್ತಿತ್ತು. ಮರುದಿನ ಅದೇ ಸೀರೆ ಉಟ್ಟು ಆಫೀಸಿಗೆ ಹೋದದ್ದೂ ಉಂಟು.

ಮಹಾನವಮಿಗೆ ಮೊದಲಿನ ರವಿವಾರ ಸುಣ್ಣದ ಕೆಲಸ ಹಿಡಿದೆ. ಹಳೆಯ ಎಣ್ಣೆಡಬ್ಬಿಯಲ್ಲಿ ಸುಟ್ಟ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದೆ. ಕುದಿಯತೊಡಗಿತು. ವರ್ಷವರ್ಷವೂ ಮಾಡುವ ಕೆಲಸ, ಭಯವೇನೂ ಇರಲಿಲ್ಲ. ಕುದಿ ನಿಂತಿತೆಂದು ಬಗ್ಗಿ ಕೋಲು ಆಡಿಸಿದೆ. ನಡುವೆ ಒಂದು ದೊಡ್ಡ ಕಲ್ಲು ನೀರು ಕುಡಿಯದೆ ಕೂತಿತ್ತೇನೋ, ಕೋಲು ತಾಗಿದ್ದೇ ಬುಸ್ಸೆಂದು ಒಡೆದು ಮುಖಕ್ಕೆ ಹಾರಿತು. ಬಲಗಣ್ಣು ಹೇಗೋ ಮುಚ್ಚಿಕೊಂಡಿತು. ಎಡಗಣ್ಣು ಮುಚ್ಚುವ ಮೊದಲೇ ತುಂಬಿತ್ತು.

ನಾನು ಕೂಗಿದ್ದಕ್ಕೆ ಹಿಂದಿನ ಸಾಲಿನವರೆಲ್ಲ ಬಂದರು. ನಾನು ಕುರುಡಿಯ ಹಾಗೆ ನೀರಿನ ಕೊಡ ತಡಕಾಡುತ್ತಿದ್ದೆ. ಕೊಡ ಕೈಗೆ ಸಿಕ್ಕಿತು ಕೂಡ. ನಾಗಮ್ಮ ಅದನ್ನು ಕಿತ್ತುಕೊಂಡಳು.

"ನೀರ ಹಾಕಬ್ಯಾಡ, ಶರಣವ್ವ! ಸುಣ್ಣಕ್ಕ ನೀರ ಬಿದ್ರ ಕುದೀತದ. ಕಣ್ಣ ಬೆಂದ ಹೋಗ್ತದ."

ಅದು ಯಾರಿಗೂ ತಪ್ಪೆನಿಸಲಿಲ್ಲ, ನನಗೂ ಅನಿಸಲಿಲ್ಲ. ಡಬ್ಬಿ ಎದುರಿಗೇ ಕೊತಕೊತ ಅನ್ನುತ್ತಿತ್ತು. ನೀರು ಹಾಕಿದ್ದಕ್ಕೇ ಅದು ಕುದಿದದ್ದನ್ನು ಎಲ್ಲರೂ ಕಂಡಿದ್ದರು. ಸುಣ್ಣದ ಗುಣ ಬಲ್ಲವರಾದ್ದರಿಂದಲೇ ನಾವು ನೀರಿಗೆ ಹೆದರಿದೆವು. ಹಾಲು ತಂಪು, ಅದನ್ನೇ ಹಾಕಬೇಕು ಅಂದರು. ದೇವಮ್ಮ ಹೊಸ್ತಿಲ ಮೇಲೆ ಕೂತು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ರೆಪ್ಪೆ ಬಿಡಿಸಿ ಎದೆ ಹಿಂಡಿದಳು. ಹಾಲು ಬೆಚ್ಚಗಿತ್ತು. ಕಣ್ಣು ತುಂಬಿ ಕಿವಿಯ ಹಿಂದೆ ಹರಿಯಿತು. ಒಳಗೆ ಕೂಸು ಅಳುತ್ತಿತ್ತು, ಅದರ ಪಾಲು ನನಗೆ ಬರುತ್ತಿತ್ತು. ಉರಿಯಲ್ಲೂ ನನಗೆ ಎದ್ದೇಳುವ ಮನಸ್ಸಾಗಲಿಲ್ಲ. ನನ್ನ ತಲೆಯನ್ನು ಯಾರಾದರೂ ತೊಡೆಯ ಮೇಲಿಟ್ಟುಕೊಂಡು ಎಷ್ಟು ವರ್ಷವಾಗಿತ್ತೋ.

ಸಂಜೆ ಔಡಲೆಣ್ಣೆ ಬಿಟ್ಟರು. ಮರುದಿನಕ್ಕೆ ಉರಿ ಇಳಿಯಿತು. ಕಣ್ಣು ಕೆಂಪೂ ಆಗಲಿಲ್ಲ. ಬಿಳಿ ಬಟ್ಟಲಿನ ಹಾಗೆ ಬೆಳ್ಳಗಿತ್ತು. ನಾಗಮ್ಮ ದೀಪ ಹಿಡಿದು ನೋಡಿ, ವಾಸಿಯಾಯಿತು, ಹಾಲಿನ ಗುಣ ಅಂದಳು. ನಾನೂ ನಂಬಿದೆ. ಆಫೀಸಿಗೆ ಹೋಗಿ ಕೂತು ಕಡತ ಬಿಡಿಸಿ ಬಲಗಣ್ಣಿನ ಮೇಲೆ ಕೈ ಇಟ್ಟು ನೋಡಿದೆ. ಕಡತವೂ ಇಲ್ಲ, ಮೇಜೂ ಇಲ್ಲ. ಹಸಿ ಸುಣ್ಣ ಬಳಿದ ಗೋಡೆಗೆ ಮೂಗು ಹಚ್ಚಿ ನಿಂತ ಹಾಗೆ ಬರೀ ಬಿಳಿ.

ಮಲ್ಲಪ್ಪ ಬೈಕಿನಲ್ಲಿ ಹುಣಸಗಿಯವರೆಗೆ ಬಿಟ್ಟ. ಅಲ್ಲಿಂದ ಬಸ್ಸಿನಲ್ಲಿ ಸುರಪುರ ದಾಟಿ ಶಹಾಪುರಕ್ಕೆ ಹೋದೆ. ಅಲ್ಲಿನ ಕಣ್ಣಿನ ಡಾಕ್ಟರು ವಯಸ್ಸಾದವರು. ಮೇಲಿನ ರೆಪ್ಪೆಯನ್ನು ಕಡ್ಡಿಗೆ ಸುತ್ತಿ ಮಗುಚಿದರು. ಅದರ ಒಳಮೈಗೆ ಸುಣ್ಣದ ಹರಳು ಇನ್ನೂ ಅಂಟಿಕೊಂಡಿದ್ದವು. ಹತ್ತಿಯಿಂದ ಒಂದೊಂದೇ ತೆಗೆದು ನನ್ನ ಬೆರಳಿಗೆ ಮುಟ್ಟಿಸಿದರು. ಹಾಲು, ಎಣ್ಣೆ ಎಲ್ಲ ಬಿದ್ದರೂ ಅವು ಅಲ್ಲೇ ಕೂತು ದಿನವಿಡೀ ಸುಡುತ್ತಿದ್ದವು. ಆಮೇಲೆ ಬಾಟಲಿಗಟ್ಟಲೆ ಸಲೈನ್ ನೀರನ್ನು ಕಣ್ಣಿನ ಮೇಲೆ ಹರಿಸಿದರು. ಕೆಂಪಾಗಿಲ್ಲವಲ್ಲ, ಒಳ್ಳೆಯದೇ ಅಲ್ಲವೇ ಅಂತ ಕೇಳಿದೆ. ಅವರು ಬಾಟಲಿ ಕೆಳಗಿಟ್ಟರು. ಕೆಂಪಾಗಬೇಕಿತ್ತು, ರಕ್ತದ ಎಳೆಗಳು ಸುಟ್ಟು ಹೋದದ್ದಕ್ಕೇ ಬೆಳ್ಳಗಾಗಿದೆ, ನೋವು ತಿಳಿಯುವ ನರವೂ ಸುಟ್ಟದ್ದಕ್ಕೇ ಉರಿ ಇಳಿದಿದೆ ಅಂದರು. ಕಣ್ಣಿನ ಗುಡ್ಡೆ ಉಳಿಯುತ್ತದೋ ಇಲ್ಲವೋ ಹೇಳಲಾರೆ, ಯಾದಗಿರಿಗೆ ಹೈದರಾಬಾದಿನಿಂದ ಕಾರ್ನಿಯಾದ ಸರ್ಜನ್ ನಾಡಿದ್ದು ಬರುತ್ತಾರೆ, ತಪ್ಪದೆ ಹೋಗಿ ಅಂತ ಚೀಟಿ ಬರೆದರು.

ಬಸ್ ಸ್ಟ್ಯಾಂಡಿನಿಂದ ಸುರಪುರದ ಅಣ್ಣನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿ ಮರುಗಿದ. ಆಪರೇಷನ್ ಅಂದರೆ ಮುಂದೆ ತಿಂಗಳುಗಟ್ಟಲೆ ಔಷಧ ಬಿಡಬೇಕಾಗುತ್ತದಂತೆ, ನಿಮ್ಮ ಮನೆಯಲ್ಲಿ ಇರಲೇ ಅಂತ ಕೇಳಿದೆ. ಅವನ ಮಗಳು ಹಡೆದು ಮನೆಯಲ್ಲಿದ್ದಳು.

"ಸದ್ಯ ಬ್ಯಾಡ, ತಂಗಿ" ಅಂದ. "ಮನ್ಯಾಗ ಬಾಣಂತಿ, ಹಸುಗೂಸು. ನಿಮ್ಮ ವೈನಿ ಒಂದ ನಮೂನಿ ಮಾಡ್ತಾಳ. ಬ್ಯಾರೆ ತಿಳ್ಕೋಬ್ಯಾಡ."

ಬೇರೆ ಏನು ತಿಳಿದುಕೊಳ್ಳುವುದು.

ಬಟ್ಟೆ ತರಲೆಂದು ನಾರಾಯಣಪುರಕ್ಕೆ ಒಂದು ಸಲ ಹಿಂತಿರುಗಿದೆ. ಅಷ್ಟರಲ್ಲಿ ದೇವಮ್ಮನಿಗೆ ಹಾಲು ಕಡಿಮೆಯಾಗಿ ಕೂಸು ರಚ್ಚೆ ಹಿಡಿದಿತ್ತು. ಹಿತ್ತಲ ಗೋಡೆಯಾಚೆ ನಾಗಮ್ಮ ಯಾರಿಗೋ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಮಕ್ಕಳಿಲ್ಲದವಳ ಕಣ್ಣಿಗೆ ಎದೆಹಾಲು ಕುಡಿಸಿದೆವು, ಆ ಕಣ್ಣು ಹಾಲನ್ನೇ ಎಳೆದುಕೊಂಡಿತು ಅಂತ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅದೇ ನನಗೆ ಹೆಚ್ಚು ಹತ್ತಿತು. ಚಿಲಕದ ಸಪ್ಪಳವಾಗದ ಹಾಗೆ ಬಾಗಿಲು ಹಾಕಿ ಬಂದುಬಿಟ್ಟೆ.

ಯಾದಗಿರಿಯ ಸರ್ಜನ್ ನನಗಿಂತ ಚಿಕ್ಕವಳು, ತೆಲುಗಿನವಳು. ಕನ್ನಡವನ್ನು ನಿಧಾನವಾಗಿ, ಎಣಿಸಿ ಇಟ್ಟ ಹಾಗೆ ಆಡುತ್ತಿದ್ದಳು. ಕಣ್ಣಿನ ಕರಿಗುಡ್ಡೆಯ ಮೇಲೊಂದು ತೆಳುವಾದ ಚರ್ಮವಿರುತ್ತದೆ, ಅದು ಪೂರಾ ಸುಟ್ಟು ಹೋಗಿದೆ, ಮತ್ತೆ ಬೆಳೆಯುವವರೆಗೆ ಗಾಯ ಬಯಲಾಗಿದ್ದರೆ ಗುಡ್ಡೆಯೇ ಕರಗಿ ತೂತಾಗುತ್ತದೆ, ಅದಕ್ಕೆ ಒಂದು ಪೊರೆ ಹೊದಿಸುತ್ತೇನೆ ಅಂದಳು. ಎಲ್ಲಿಯ ಪೊರೆ ಅಂತ ಕೇಳಿದೆ.

"ಮಗು ತಾಯಿ ಹೊಟ್ಟೇಲಿ ಒಂದು ಪೊರೆ ಒಳಗೆ ಇರ್ತದೆ ಅಲ್ವಾ ಅಮ್ಮಾ. ಹೆರಿಗೆ ಆದ ಮೇಲೆ ಮಾಸು ಜೊತೆ ಬರ್ತದೆ. ಆ ತಾಯಿ ಒಪ್ಪಿ ಕೊಟ್ಟಿರ್ತಾರೆ. ಅದನ್ನ ಶುದ್ಧ ಮಾಡಿ ಫ್ರೀಜರ್‌ನಲ್ಲಿ ಇಟ್ಟಿರ್ತೀವಿ. ಗಾಯ ಬೇಗ ಕೂಡ್ತದೆ."

ನಾನು ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡೆ. ಅವಳಿಗೆ ನಾನು ಹೆದರಿದೆ ಅನಿಸಿರಬೇಕು, ನೋವಾಗುವುದಿಲ್ಲ ಅಂತ ಕೈ ಹಿಡಿದಳು. ನನಗೆ ನೋವಿನ ನೆನಪೇ ಇರಲಿಲ್ಲ. ಬಚ್ಚಲುಕಲ್ಲಿನ ಪಕ್ಕದ ಆ ಚಪ್ಪಡಿ ಕಣ್ಣ ಮುಂದೆ ಬಂದಿತ್ತು. ಯಾವ ಊರಿನ ಯಾವ ಬಾಣಂತಿಯದೋ, ಹೂಳದೆ ಉಳಿದ ಮಾಸಿನ ಒಂದು ಚೂರು.

ಕಣ್ಣಿನ ಪಕ್ಕಕ್ಕೆ ಸೂಜಿ ಚುಚ್ಚಿ ಮರಗಟ್ಟಿಸಿದರು. ಮುಖದ ಮೇಲೆ ತೂತಿನ ಬಟ್ಟೆ ಹೊದಿಸಿದರು. ಸುಟ್ಟ ಕಣ್ಣಿಗೆ ದೀಪದ ಬೆಳಕು ಮಾತ್ರ ಮಂಜಿನೊಳಗಿನ ಸೂರ್ಯನಂತೆ ಕಾಣುತ್ತಿತ್ತು. ಆ ಬೆಳಕಿನ ಮುಂದೆ ಏನೋ ಮೆಲ್ಲಗೆ ಇಳಿಯಿತು. ಈರುಳ್ಳಿಯ ಎಸಳಿನ ನಡುವೆ ಬಿಡಿಸಿದರೆ ಬರುವ ಪೊರೆಯಿರುತ್ತದಲ್ಲ, ಅದರಷ್ಟು ತೆಳುವಾದ ನೆರಳು. ಆಮೇಲೆ ನೂಲು ಎಳೆದಾಗ ಸಣ್ಣಗೆ ಜಗ್ಗಿದ ಹಾಗೆ ಅನಿಸುತ್ತಿತ್ತು. ಗುಡ್ಡೆಯ ಮೇಲೂ ರೆಪ್ಪೆಯ ಒಳಗೂ ಅದನ್ನು ಹೊಲಿದು, ಅದು ಕದಲದಂತೆ ಗಾಜಿನಂಥ ಒಂದು ಬಿಲ್ಲೆ ಇಟ್ಟು ಪಟ್ಟಿ ಕಟ್ಟಿದರು.

ಸ್ಟೇಷನ್ನಿನ ಹತ್ತಿರ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಮನೆಯೊಡತಿ ಖಾಜಾಬಿ, ರವಿಕೆ ಹೊಲಿಯುವ ಮುದುಕಿ, ಗಂಡ ಇಲ್ಲ, ಮಕ್ಕಳು ಪುಣೆಯ ಕಡೆ. ಕೋಣೆಗೆ ಒಂದೇ ಕಿಟಕಿ. ಅದರಿಂದ ಕೋಟೆಯ ಬೆಟ್ಟದ ಒಂದು ಮೂಲೆ ಕಾಣುತ್ತಿತ್ತು. ಮೊದಮೊದಲು ತಾಸಿಗೊಮ್ಮೆ ಔಷಧ ಬಿಡಬೇಕು. ತನ್ನ ಕಣ್ಣಿಗೆ ತಾನೇ ಔಷಧ ಬಿಟ್ಟುಕೊಳ್ಳುವುದು ಬಹಳ ಕಷ್ಟ. ಹನಿ ಬೀಳುವ ಮೊದಲೇ ರೆಪ್ಪೆ ಮುಚ್ಚುತ್ತದೆ. ಔಷಧವೆಲ್ಲ ಕೆನ್ನೆಗೆ ಇಳಿಯುತ್ತದೆ. ಕಡೆಗೆ ನೆಲದ ಮೇಲೆ ಅಂಗಾತ ಮಲಗಿ, ಮೂಗಿನ ಬದಿಯ ಕುಳಿಗೆ ಹನಿ ಬಿಟ್ಟು, ಆಮೇಲೆ ಮೆಲ್ಲಗೆ ಕಣ್ಣು ತೆರೆಯುವುದನ್ನು ಕಲಿತೆ. ದಿನಕ್ಕೊಮ್ಮೆ ಗಾಜಿನ ಕಡ್ಡಿಗೆ ಮುಲಾಮು ಹಚ್ಚಿ ರೆಪ್ಪೆಗೂ ಗುಡ್ಡೆಗೂ ನಡುವೆ ಆಡಿಸಬೇಕು, ಇಲ್ಲದಿದ್ದರೆ ಎರಡೂ ಬೆಸೆದುಕೊಳ್ಳುತ್ತವೆ. ಆಸ್ಪತ್ರೆಯಲ್ಲಿ, ಮನೆಯವರು ಯಾರಾದರೂ ಬರಲಿ, ಹೇಳಿಕೊಡುತ್ತೇವೆ ಅಂದರು. ನನಗೇ ಹೇಳಿಕೊಡಿ ಅಂದೆ. ಕಿಟಕಿಗೆ ಕನ್ನಡಿ ಆನಿಸಿ ನಿಂತು ಮೊದಲ ಸಲ ಆ ಕಡ್ಡಿ ಒಳಗೆ ತೂರಿಸಿ ಆಡಿಸಿದೆ. ಮುಗಿದ ಮೇಲೆ ಆಯಿತು ಅಂತ ಹೇಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಆದರೂ ಆಯಿತು ಅಂತ ಬಾಯಿಬಿಟ್ಟು ಹೇಳಿದೆ.

ಬೂದಿಯ ಹಾಗೆ ದಿನ ಬೀಳುತ್ತಿದ್ದವು. ಓದುವಂತಿಲ್ಲ, ಹೊಗೆಯಲ್ಲಿ ಅಡುಗೆ ಮಾಡುವಂತಿಲ್ಲ. ಖಾನಾವಳಿಯಿಂದ ರೊಟ್ಟಿ, ಪುಂಡಿಪಲ್ಯ ಬರುತ್ತಿತ್ತು. ಚಳಿ ಶುರುವಾದ ಮೇಲೆ ಹತ್ತಿಯ ಲಾರಿಗಳು ಹೆಚ್ಚಾದವು. ಅವು ಹೋದ ದಾರಿಯ ಬೇಲಿಗೆಲ್ಲ ಹತ್ತಿಯ ಎಳೆ ಜೋತುಬಿದ್ದಿರುತ್ತಿತ್ತು. ಗಾಳಿಗೆ ಕಣ್ಣಿಗೆ ಬಿದ್ದೀತೆಂದು ಹೊರಗೆ ಹೋಗುವುದನ್ನೇ ಬಿಟ್ಟೆ. ರೈಲು ಬಂದದ್ದು, ನಿಂತದ್ದು, ಹೋದದ್ದು ಕೇಳುತ್ತ ಔಷಧದ ಹೊತ್ತು ಹಿಡಿಯುತ್ತಿದ್ದೆ. ಸಂಜೆಯಾದರೆ ಹೆಗಲು ಬರಿದು ಅನಿಸುತ್ತಿತ್ತು.

ಖಾಜಾಬಿಗೆ ಎರಡೂ ಕಣ್ಣಿಗೆ ಮುಪ್ಪಿನ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸಲು ನನ್ನ ಹತ್ತಿರ ಬರುತ್ತಿದ್ದಳು. ಒಂದು ಕಣ್ಣಿನಿಂದ ಸೂಜಿಯ ತೂತು ದೂರವೋ ಹತ್ತಿರವೋ ತಿಳಿಯುತ್ತಿರಲಿಲ್ಲ. ನಾನು ದಾರವನ್ನು ಗಾಳಿಗೇ ಪೋಣಿಸುತ್ತಿದ್ದೆ.

"ನಂದ ಅರ್ಧ, ನಿಂದೊಂದು. ಕೂಡಿ ಒಂದೂವರಿ ಕಣ್ಣು ಆದವಲ್ಲ ಬೇ" ಅಂದಳು. "ಒಂದ ಬ್ಲೌಸಿಗಿ ಸಾಕು. ಮದವಿ ಸೀಜನ್ ಬಂದ್ರ ಇನ್ನೊಬ್ಬಾಕಿನ್ನ ಹುಡುಕಬೇಕು."

ನಾನು ಪಟ್ಟಿ ಕಟ್ಟಿಕೊಂಡು ಬಾಗಿಲಿಗೆ ಬಂದರೆ, ಒಳಗೆ ಹೋಗು, ದಾರಿಯ ಮಂದಿ ಕಣ್ಣು ಹೊಡೆಯುತ್ತಾಳೆ ಅಂದುಕೊಂಡಾರು ಅನ್ನುತ್ತಿದ್ದಳು. ಬೇರೆ ಯಾರೂ ಮಾತಾಡಿಸುತ್ತಿರಲಿಲ್ಲ. ಅಣ್ಣ ಒಮ್ಮೆ ಬಂದು ಬಾಳೆಹಣ್ಣು ಕೊಟ್ಟು, ಬಸ್ಸಿನ ಹೊತ್ತಾಯಿತೆಂದು ಎದ್ದ. ನಾರಾಯಣಪುರದಿಂದ ಯಾರೂ ಬರಲಿಲ್ಲ.

ಮೊದಲ ಪೊರೆ ಕರಗಿತು, ಗಾಯ ಕೂಡಿರಲಿಲ್ಲ. ಇನ್ನೊಂದು ಹೊದಿಸೋಣ, ಇದೂ ಹಿಡಿಯದಿದ್ದರೆ ರೆಪ್ಪೆಗಳನ್ನೇ ಹೊಲಿದು ಮುಚ್ಚಬೇಕಾದೀತು ಅಂದಳು ಡಾಕ್ಟರಮ್ಮ. ಎರಡನೆಯ ಸಲ ಹೊಲಿಸಿಕೊಂಡು ಬಂದೆ. ಕೆಲವು ವಾರಗಳ ಮೇಲೆ ಒಂದು ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಬಿಳಿಯ ಸುತ್ತ ಕೆಂಪು ಎಳೆ ಕಂಡವು. ನಾನು ಖಾಜಾಬಿಯ ಹತ್ತಿರ ಓಡಿದೆ. ಅವಳು ಗಾಬರಿಯಾಗಿ, ಅಯ್ಯೋ ಕಣ್ಣು ಬಂದಿದೆ, ಆಸ್ಪತ್ರೆಗೆ ನಡಿ ಅಂದಳು. ನನಗೋ ನಗು ತಡೆಯುತ್ತಿರಲಿಲ್ಲ. ಕಣ್ಣು ಕೆಂಪಾಯಿತೆಂದು ಹಿಗ್ಗಿದವಳು ಆ ಊರಿನಲ್ಲಿ ನಾನೊಬ್ಬಳೇ ಇರಬೇಕು.

ಯಳ್ಳಮಾಸಿಯ, ಅಂದರೆ ಎಳ್ಳಮಾವಾಸ್ಯೆಯ ಹಿಂದಿನ ದಿನ ಡಾಕ್ಟರಮ್ಮ ಹಳದಿ ಔಷಧ ಬಿಟ್ಟು ನೀಲಿ ಬೆಳಕಿನಲ್ಲಿ ನೋಡಿದಳು. ಗಾಯ ಮುಚ್ಚಿದೆ, ಗುಡ್ಡೆ ಉಳಿಯಿತು ಅಂದಳು. ನೋಟ ಮಂಜೇ, ಅದಕ್ಕೆ ಮುಂದೆ ಇನ್ನೊಂದು ಆಪರೇಷನ್ ನೋಡೋಣ. ಪೊರೆ ಎಲ್ಲಿ ಹೋಯಿತು ಅಂತ ಕೇಳಿದೆ.

"ಅಲ್ಲೇ ಇದೆ ಅಮ್ಮಾ. ಕರಗಿ ನಿಮ್ಮದೇ ಆಗಿ ಹೋಗಿದೆ."

ಮರುದಿನ ಊರು ಬರಿದಾಯಿತು. ಯಳ್ಳಮಾಸಿಗೆ ಎಲ್ಲರೂ ಬುತ್ತಿ ಕಟ್ಟಿಕೊಂಡು ಭೂತಾಯಿಗೆ ಎಡೆಯೆಂದು ಹೊಲಕ್ಕೆ ಚರಗ ಚೆಲ್ಲಲು ಹೋಗಿಬಿಡುತ್ತಾರೆ. ಖಾನಾವಳಿಗೂ ಬಾಗಿಲು. ನಾನು ಅವಲಕ್ಕಿ ನೆನೆಸಿಟ್ಟು ಕೂತಿದ್ದೆ. ಬಾಗಿಲ ಬೆಳಕಿಗೆ ಯಾರೋ ಅಡ್ಡ ನಿಂತರು. ಎಡಗಣ್ಣಿನ ಬದಿಗೆ ನಿಂತಿದ್ದರಿಂದ ಬರೀ ಕಪ್ಪು ಆಕಾರ. ಆದರೆ ಆ ಆಕಾರದ ಸೊಂಟದ ಹತ್ತಿರ ಇನ್ನೊಂದು ಚಿಕ್ಕ ಆಕಾರ ಕಾಲಾಡಿಸುತ್ತಿತ್ತು.

ದೇವಮ್ಮ. ಭೀಮಾ ದಂಡೆಯ ತವರಿಗೆ ಹಬ್ಬಕ್ಕೆ ಹೊರಟವಳು ಅತ್ತೆಗೆ ಹೇಳದೆ ಯಾದಗಿರಿಯಲ್ಲಿ ಇಳಿದು, ಆಸ್ಪತ್ರೆಯಲ್ಲಿ ವಿಚಾರಿಸಿ ಬಂದಿದ್ದಳು. ಗಂಟು ಬಿಚ್ಚಿದಳು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಭಜ್ಜಿಪಲ್ಯ. ಬಿಚ್ಚಿಟ್ಟು ಗೋಡೆಗೆ ಒತ್ತಿ ದೂರ ಕೂತಳು. ಕೂಸನ್ನು ನನ್ನ ಕಡೆಗೆ ಬಿಡಲಿಲ್ಲ, ನಾನೂ ಕೈ ಚಾಚಲಿಲ್ಲ.

"ಕಾಣ್ತದೇನಕ್ಕಾ?" ಅಂದಳು.

"ನೀ ನಿಂತದ್ದು ಕಾಣಿಸ್ತು. ಯಾರಂತ ತಿಳೀಲಿಲ್ಲ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. "ನನ್ನ ಹಾಲಿನಿಂದ ಆಗ್ಯಾದ ಅಂತಾರ. ಸುಣ್ಣಕ್ಕ ಹಾಲ ಕೂಡಿ ಗಟ್ಟಿ ಆತಂತ. ಅತ್ತಿ ಬ್ಯಾರೆ ಅಂತಾಳ. ಯಾರ ಮಾತು ಖರೇನಕ್ಕಾ?"

"ಎರಡೂ ಅಲ್ಲ" ಅಂದೆ. ಸುಣ್ಣ ರೆಪ್ಪೆಯಡಿ ಉಳಿದಿತ್ತು, ನೀರು ಬಿದ್ದಿದ್ದರೆ ಹೋಗುತ್ತಿತ್ತು, ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ ಅಂತ ಹೇಳಿದೆ. ಹಾಲಿನ ವಿಷಯ ಅವಳೇ ಹೇಳಿದಳು. ಆ ವಾರ ಅವಳಿಗೆ ಜ್ವರ ಬಂದಿತ್ತು. ಇಳಿದ ಮೇಲೆ ಹಾಲು ತಿರುಗಿ ಬಂತು. ಅತ್ತೆಗೆ ಮಾತ್ರ ಅದು ನಾನು ಊರು ಬಿಟ್ಟದ್ದರ ಗುಣ. ನಾನು ಕಣ್ಣಿಗೆ ಪೊರೆ ಹೊಲಿದದ್ದನ್ನು ಹೇಳತೊಡಗಿದೆ. ಮಾಸಿನದು ಅಂದಕೂಡಲೇ ಅವಳು ಅಳು ನಿಲ್ಲಿಸಿದಳು.

"ಯಾರ ಮಾಸು?"

"ಯಾರದೋ. ಹೆಸರು ಹೇಳಂಗಿಲ್ಲ ಅವರು."

"ಹೂಳಲಿಲ್ಲೇನು ಮತ್ತ?"

"ಎಲ್ಲಿ ಹೂಳ್ತಾರವಾ. ಕಣ್ಣಾಗ ಕರಗಿ ಹೋಗ್ಯಾದ."

ಅವಳು ನನ್ನ ಎಡಗಣ್ಣನ್ನೇ ದಿಟ್ಟಿಸಿದ್ದು ಬಲಗಣ್ಣಿಗೆ ಕಾಣುತ್ತಿತ್ತು. ಬಹಳ ಹೊತ್ತು ನೋಡಿದಳು. ಆಮೇಲೆ, ಮನೆಯಲ್ಲಿ ಉಪ್ಪು ಇದೆಯೇ ಅಂತ ಕೇಳುವ ದನಿಯಲ್ಲಿ ಕೇಳಿದಳು.

"ನೀರ ಹಾಕ್ಯಾರೇನು?"

"ಯಾರ ಹಾಕ್ತಾರ, ದೇವಮ್ಮ?"

"ಮಾಸು ಹೂತ ಮ್ಯಾಲ ನೀರ ಬೀಳಬೇಕಕ್ಕಾ. ಬೀಳಲಿಲ್ಲಂದ್ರ ಆ ಕೂಸಿಗಿ ಒಳ್ಳೇದಲ್ಲ, ಆ ತಾಯಿಗೂ ಒಳ್ಳೇದಲ್ಲ. ನಿಮಗೂ."

ಎದ್ದಳು. ಕೂಸನ್ನು ಖಾಜಾಬಿಯ ಮಂಚದ ಮೇಲೆ ಹಾಕಿ ಹಂಡೆ ಕೇಳಿದಳು. ಖಾಜಾಬಿ ಯಾಕೆ ಏನು ಅಂತ ಕೇಳಿ, ಅರ್ಥ ಮಾಡಿಕೊಂಡಳೋ ಇಲ್ಲವೋ, ತಾನೇ ಅಂಗಳದ ಒಲೆಗೆ ತೊಗರಿ ಕಟ್ಟಿಗೆ ತುಂಬಿದಳು. ತಲೆಗೆ ನೀರು ಬೀಳಬಾರದು, ಕಣ್ಣಿಗೆ ಒಂದು ಹನಿಯೂ ಹಾರಬಾರದು ಅಂತ ನಾನು ಹೇಳುತ್ತಲೇ ಇದ್ದೆ. ನನಗೆ ಗೊತ್ತು, ಸುಮ್ಮನೆ ಕುಂದ್ರಿ ಅಂದಳು ದೇವಮ್ಮ. ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ ಬೆನ್ನಿಗೆ ಅರಿಶಿನ ಎಣ್ಣೆ ತಿಕ್ಕಿದಳು. ತನ್ನ ಎಡಗೈಯನ್ನು ಬೋಗುಣಿಯಂತೆ ಮಾಡಿ ನನ್ನ ಎಡಗಣ್ಣಿನ ಮೇಲೆ ಕವುಚಿದಳು. ಬಲಗೈಯಿಂದ ತಂಬಿಗೆ ಎತ್ತಿ ಹೆಗಲ ಮೇಲೆ ಸುರಿದಳು. ಸುಡುಸುಡು ನೀರು, ತಂಬಿಗೆಯ ಮೇಲೆ ತಂಬಿಗೆ. ನನಗಿಂತ ಎಷ್ಟೋ ಚಿಕ್ಕ ಹುಡುಗಿ. ನಾನು ಮೊಣಕಾಲಿಗೆ ಹಣೆ ಹಚ್ಚಿ ಕೂತಿದ್ದೆ. ನೀರಿನ ಸಪ್ಪಳದಲ್ಲಿ ಅತ್ತದ್ದು ಯಾರಿಗೂ ಕೇಳಿಸಿರಲಿಕ್ಕಿಲ್ಲ. ಅವಳ ಅಂಗೈಗೆ ಮಾತ್ರ ಗೊತ್ತಾಗಿರಬೇಕು.

ಖಾಜಾಬಿ ಬಾಗಿಲಾಚೆಯಿಂದ ಕೂಗಿದಳು. "ನಾಕ ಹಡದೀನಿ. ನನಗೊಬ್ಬಾಕಿ ಹಿಂಗ ನೀರ ಹಾಕ್ಲಿಲ್ಲ ನೋಡು." ಒಂದು ಚಿಪ್ಪಿನಲ್ಲಿ ಕೆಂಡ ಹಾಕಿ ಲೋಬಾನ ತಂದಿದ್ದಳು. ಕಣ್ಣಿಗೆ ಹೊಗೆ ಆಗದೆಂದು ದೇವಮ್ಮ ಅದನ್ನು ನನ್ನ ಪಾದದ ಹತ್ತಿರ ಮಾತ್ರ ಆಡಿಸಿ ಹೊರಗಿಟ್ಟಳು. ನನಗೆ ಬೆಚ್ಚಗೆ ಸೀರೆ ಸುತ್ತಿ, ಕಿವಿಗೆ ಬಟ್ಟೆ ಕಟ್ಟಿ, ಗೋಡೆಗೆ ಆನಿಸಿ ಕೂರಿಸಿದಳು. ಆಮೇಲೆ ಕೂಸನ್ನು ತಂದು ನನ್ನ ತೊಡೆಯ ಮೇಲೆ ಇಟ್ಟಳು. ಕೂಸು ಬೆಳೆದು ಭಾರವಾಗಿತ್ತು, ನನ್ನ ಗುರುತು ಮರೆತಿತ್ತು. ಕಿವಿಗೆ ಕಟ್ಟಿದ ಬಟ್ಟೆಯನ್ನು ಜಗ್ಗಿ ನೋಡಿತು. ನಾನು ಒಂದು ಸಲ ಬಲಗಣ್ಣು ಮುಚ್ಚಿ ಎಡಗಣ್ಣಿನಿಂದಲೇ ಅದನ್ನು ನೋಡಿದೆ. ಮೂಗು, ಬಾಯಿ ಏನೂ ಇಲ್ಲ, ಬೆಳಕಿನಲ್ಲಿ ಅಲ್ಲಾಡುವ ಒಂದು ದುಂಡನೆಯ ಮಂಜು. ಅಷ್ಟು ಕಂಡಿತು.

ಸಂಜೆಯ ಬಸ್ಸಿಗೆ ಅವಳು ಹೋದಳು. ಅತ್ತೆಗೆ ಹೇಳಬೇಡಿ ಅಂತ ಬಾಗಿಲಲ್ಲಿ ಮತ್ತೊಮ್ಮೆ ಹೇಳಿದಳು.

ಶಿವರಾತ್ರಿ ಕಳೆದು ನಾನು ನಾರಾಯಣಪುರಕ್ಕೆ ಹಿಂತಿರುಗಿದಾಗ ಹಿಂದಿನ ಮನೆಗೆ ಬೀಗ ಬಿದ್ದಿತ್ತು. ಮಲ್ಲಪ್ಪನಿಗೆ ಕಡೇಚೂರಿನ ಕಡೆ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕು ಎಲ್ಲರೂ ಅಲ್ಲಿಗೆ ಹೋಗಿದ್ದರು. ಅವರ ಬಚ್ಚಲುಕಲ್ಲು ಒಣಗಿತ್ತು, ಪಕ್ಕದ ಚಪ್ಪಡಿ ಹಾಗೇ ಇತ್ತು. ಕೆಲವು ದಿನ ಪಾತ್ರೆ ತೊಳೆದ ನೀರನ್ನು ಒಯ್ದು ಅದರ ಮೇಲೆ ಹಾಕಿದೆ. ಆಮೇಲೆ ಹೊಸಬರು ಬಂದರು. ಮರುವರ್ಷ ಡಾಕ್ಟರಮ್ಮ ನನ್ನ ಒಳ್ಳೆಯ ಕಣ್ಣಿನ ಅಂಚಿನಿಂದ ಚರ್ಮದ ಚೂರು ತೆಗೆದು, ಸಣ್ಣಸಣ್ಣಗೆ ಕತ್ತರಿಸಿ, ಇನ್ನೊಂದು ಪೊರೆಯ ಮೇಲೆ ಭತ್ತದ ಸಸಿ ಹಚ್ಚಿದ ಹಾಗೆ ಎಡಗಣ್ಣಿನಲ್ಲಿ ಊರಿದಳು. ಅವು ಹಬ್ಬಿದವು. ಈಗ ಎಡಗಣ್ಣಿಗೆ ಕೈಬೆರಳು ಕಾಣುತ್ತವೆ, ಬಾಗಿಲಲ್ಲಿ ನಿಂತದ್ದು ಗಂಡಸೋ ಹೆಂಗಸೋ ತಿಳಿಯುತ್ತದೆ. ನನಗೆ ಸುರಪುರಕ್ಕೆ ವರ್ಗವಾಯಿತು. ದೇವಮ್ಮನನ್ನು ಮತ್ತೆ ಕಂಡಿಲ್ಲ. ಕೂಸು ಈಗ ಶಾಲೆಗೆ ಹೋಗುತ್ತಿರಬೇಕು. ನನ್ನ ಕಣ್ಣಲ್ಲಿ ಕರಗಿದ ಪೊರೆಗಳೊಳಗೆ ಎಂದೋ ಮಲಗಿದ್ದ ಕೂಸುಗಳೂ ಎಲ್ಲೋ ಶಾಲೆಗೆ ಹೋಗುತ್ತಿರಬೇಕು.

ಸಂಜೆ ಆಫೀಸಿನಿಂದ ಬಂದಾಗ ಓಣಿಯ ಕೊಟ್ಟಿಗೆ ಬೆಳ್ಳಗಾಗಿತ್ತು. ನನ್ನ ಕೊಡ ತೊಳೆದು ಬಾಗಿಲ ಹತ್ತಿರ ಇಟ್ಟಿದ್ದರು. ಅದನ್ನು ಒಳಗೆ ತಂದು ನೀರು ಕಾಯಿಸಿ ಮೈಗೆ ಹಾಕಿಕೊಂಡೆ. ಕಣ್ಣಿಗೆ ನೀರು ಬಿದ್ದರೂ ಏನೂ ಆಗುವುದಿಲ್ಲವೆಂದು ಡಾಕ್ಟರಮ್ಮ ಎಂದೋ ಹೇಳಿದ್ದಾಳೆ. ಆದರೂ ತಂಬಿಗೆ ಎತ್ತಿದಾಗಲೆಲ್ಲ ನನ್ನ ಎಡಗೈ ಬೋಗುಣಿಯಂತಾಗಿ ತಾನೇ ಮೇಲೆ ಹೋಗುತ್ತದೆ, ಎಡಗಣ್ಣಿನ ಮೇಲೆ ಕವುಚಿಕೊಳ್ಳುತ್ತದೆ, ನೀರು ಹಾಕಿ ಮುಗಿಯುವವರೆಗೆ ಅಲ್ಲೇ ಇರುತ್ತದೆ.